ಅವ್ವ ಕಿತ್ತ ಹುಲ್ಲು

ಅಕ್ಟೋಬರ್ 21, ಸೋಮವಾರ

ಈ ಡೈರಿ ನನ್ನ ಹೆಂಡತಿ ಮೋಹಿನಿಯದು. ಅವಳ ಸ್ಕೂಲಿಗೆ ಯಾರೋ ಕೊಟ್ಟದ್ದು. ದಸರಾ ರಜ ಮುಗಿಯಿತು, ರಜ ಪೂರ್ತಿ ನನ್ನ ಗೊಣಗಾಟ ಕೇಳಿ ಅವಳಿಗೂ ಸಾಕಾಗಿತ್ತು. ಬೆಳಿಗ್ಗೆ ಇದನ್ನು ನನ್ನ ತೊಡೆ ಮೇಲೆ ಎಸೆದು, "ಬಾಯಿ ಬಿಟ್ರೆ ಬೈಗುಳ. ಅದ್ನೆಲ್ಲ ಇದ್ರಲ್ಲಿ ಬರೀರಿ, ನನ್ನ ಕಿವಿಗೂ ರಜ ಸಿಗ್ಲಿ" ಎಂದು ಹನಕೆರೆಗೆ ಹೊರಟುಹೋದಳು. ಅಲ್ಲಿ ಅವಳು ಹೆಡ್‌ಮಿಸ್. ಮನೆಯಲ್ಲೂ ಹಾಗೇ.

ಮೊದಲ ಪುಟದಲ್ಲಿ ಹೆಸರು, ಉದ್ಯೋಗ ಕೇಳಿದ್ದಾರೆ. ಮಹದೇವು, ಬಸ್ ಡ್ರೈವರ್ ಎಂದು ಬರೆದೆ. ಸದ್ಯಕ್ಕೆ 'ಕುರ್ಚಿ ಬಿಸಿ ಮಾಡುವುದು' ಎಂದು ಬರೆಯಬೇಕಿತ್ತು.

ಆಗಸ್ಟಿನಲ್ಲಿ ಮಳವಳ್ಳಿಯಿಂದ ಮದ್ದೂರಿಗೆ ಬಸ್ ತರುವಾಗ ಎದೆ ಹಿಡಿದುಕೊಂಡಿತು. ಬಸ್ಸನ್ನು ರಸ್ತೆ ಪಕ್ಕಕ್ಕೆ ತಂದು ಹ್ಯಾಂಡ್‌ಬ್ರೇಕ್ ಎಳೆದದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಆಸ್ಪತ್ರೆ. ಸ್ಟೆಂಟ್ ಹಾಕಿದ್ದರು. ಬಸ್ಸಿನಲ್ಲಿದ್ದ ಒಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ಈಗ ಡಿಸೆಂಬರಿನಲ್ಲಿ ಡಾಕ್ಟರುಗಳ ಬೋರ್ಡು ಕೂತು, ನನಗೆ ಮತ್ತೆ ಸ್ಟಿಯರಿಂಗ್ ಕೊಡುವುದೋ ಬಿಡುವುದೋ ತೀರ್ಮಾನ ಮಾಡುತ್ತದಂತೆ. ಅಲ್ಲಿಯವರೆಗೆ ನಾನು, ಜಗಲಿ, ಈ ಪ್ಲಾಸ್ಟಿಕ್ ಕುರ್ಚಿ. ಕೂತಲ್ಲೂ ಬಲಗಾಲು ನೆಲ ಒತ್ತುತ್ತಲೇ ಇರುತ್ತದೆ. ಬೀದಿಯಲ್ಲಿ ನಾಯಿ ಅಡ್ಡ ಬಂದರೆ ನಾನು ಜಗಲಿಯ ಮೇಲೆ ಬ್ರೇಕ್ ಹಾಕುತ್ತೇನೆ.

ಸ್ಟಿಯರಿಂಗ್ ಕೊಡದಿದ್ದರೆ? ಅದನ್ನು ಬರೆಯುವುದಿಲ್ಲ. ಕೊಡುತ್ತಾರೆ.

ಅಕ್ಟೋಬರ್ 23, ಬುಧವಾರ

ಮೋಹಿನಿಗೆ ಅವಳ ಹುಲ್ಲಿನ ಚಿಂತೆ. ಮನೆ ಕಟ್ಟಿದ ವರ್ಷ ಮುಂದಿನ ಅಂಗಳದಲ್ಲಿ ನರ್ಸರಿಯಿಂದ ತಂದು ಹಾಸಿದ ಹುಲ್ಲು. ಸ್ಕೂಲಿಂದ ಬಂದು ಅದರ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿದರೇ ಅವಳಿಗೆ ಕಾಫಿ ಇಳಿಯುವುದು. ನಾನು ಆಸ್ಪತ್ರೆ ಸೇರಿದಾಗಿನಿಂದ ಯಾರೂ ಅತ್ತ ನೋಡಿಲ್ಲ. ಮಳೆಗೆ ಮಂಡಿ ಮುಟ್ಟ ಬೆಳೆದು, ಬುಡ ಹಳದಿಯಾಗಿ, ಮಧ್ಯೆ ಹೊನಗೊನ್ನೆ ಸೊಪ್ಪು, ಮುಳ್ಳುಗಿಡ ಎಲ್ಲ ಬಂದಿವೆ.

"ಕೂತ್ಕೊಂಡು ನನ್ನ ತಲೆ ತಿನ್ನೋ ಬದ್ಲು ಹುಲ್ಲಾದ್ರೂ ನೋಡ್ಕೊಳಿ."

"ಹುಲ್ಲು ನೋಡ್ಕಳಕೆ ನಾನೇನು ಎಮ್ಮೇನಾ?"

"ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ಕ್ಲೀನ್ ಆಗಿರೋದು" ಎಂದಳು. ಆಮೇಲೆ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಮಳೆ ನಿಂತು ಇಬ್ಬನಿ ಶುರುವಾಗುವ ಮೊದಲು ಎಲೆ ಗುಡಿಸಬೇಕು, ಹುಲ್ಲು ಗಿಡ್ಡ ಮಾಡಬೇಕು, ಬುಡದಲ್ಲಿ ಕೂತ ಒಣ ಪದರ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಚಳಿಗೆ ಬೇರು ಕೊಳೆಯುತ್ತದಂತೆ. ಇದಕ್ಕೆ ಇಷ್ಟೊಂದು ಯಾಕೆ, ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿದ ಒಣಗರಿಯ ರವದಿಗೆ ಬೆಂಕಿ ಇಡುವ ಹಾಗೆ ಒಂದು ಕಡ್ಡಿ ಗೀರಿದರೆ ಮುಗಿಯಿತಲ್ಲ ಎಂದೆ. "ಇಟ್ರೆ ಮೊದ್ಲು ನಿಮ್ಮ ಕುರ್ಚಿಗೇ ಇಡ್ತೀನಿ" ಎಂದಳು.

ಎಲೆ ಗುಡಿಸಿ ಸಾಕು, ಭಾರದ ಕೆಲಸ ಬೇಡ ಎಂದು ಹತ್ತು ಸಲ ಹೇಳಿದ್ದಾಳೆ. ಡಾಕ್ಟರೂ ಅದನ್ನೇ ಹೇಳಿದ್ದರು. ನೋಡೋಣ.

ಅಕ್ಟೋಬರ್ 27, ಭಾನುವಾರ

ಪಕ್ಕದ ಮನೆ ಪ್ರಸನ್ನನ ಬಾದಾಮಿ ಮರಕ್ಕೆ ನನ್ನ ಮೇಲೆ ಏನು ದ್ವೇಷವೋ. ಅಂಗೈ ಅಗಲದ ಎಲೆಗಳು. ಗುಡಿಸಿ ತಿರುಗಿದರೆ ಹಿಂದೆ ಇನ್ನೊಂದು ಬಿದ್ದಿರುತ್ತದೆ. ಕಾಂಪೌಂಡಿನ ಮೇಲಿಂದ ಕೂಗಿದೆ.

"ಏನ್ರೀ ಪ್ರಸನ್ನ, ಮರ ನಿಮ್ದು, ಕಸ ನಮ್ದಾ?"

"ಗಾಳಿಗೆ ಹೇಳಿ ಸಾರ್" ಎಂದ, ಪೇಪರಿನಿಂದ ತಲೆ ಎತ್ತದೆ.

ಆಹಾ, ಏನು ಗತ್ತು! ಗುಡಿಸಿದ ಎಲೆಯನ್ನೆಲ್ಲ ಅವನ ಗೇಟಿನೊಳಗೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ, ಮೂಲೆಯಲ್ಲಿ ಗುಂಡಿ ತೋಡಿ ತುಂಬಿದೆ. ಕೊಳೆತರೆ ಗೊಬ್ಬರವಾದರೂ ಆಗುತ್ತದೆ. ಗುಂಡಿ ನಾನೇ ತೋಡಿದ್ದು ಎಂದು ಮೋಹಿನಿಗೆ ಗೊತ್ತಿಲ್ಲ, ಪ್ರಸನ್ನನ ಕೈಲಿ ತೋಡಿಸಿದೆ ಎಂದು ಸುಳ್ಳು ಹೇಳಿದೆ.

ನವೆಂಬರ್ 3, ಭಾನುವಾರ

ದೀಪಾವಳಿ ಹಬ್ಬದ ಮಾರನೆ ದಿನ ರಾಜೇಂದ್ರ ಬಂದಿದ್ದ. ನನ್ನ ಬಸ್ಸಿನ ಕಂಡಕ್ಟರು, ಅವತ್ತು ನನ್ನನ್ನು ಆಟೋಗೆ ಹೊತ್ತು ಹಾಕಿದವನು. ನನ್ನ ಜಾಗಕ್ಕೆ ಹೊಸ ಹುಡುಗನನ್ನು ಹಾಕಿದ್ದಾರಂತೆ.

"ಗೇರ್ ಆಕೋದ್ ನೋಡ್ಬೇಕು ಕಣಣ್ಣ, ಕಬ್ಬು ಮುರಿದಂಗೆ ಸದ್ದು. ಬಸ್ಸು ನಿನ್ನನ್ನೇ ಕೇಳ್ತಾ ಅದೆ."

ಅಯ್ಯೋ, ಆ ಬಸ್ಸಿನ ಎರಡನೇ ಗೇರು ಹೇಗೆ ಹಾಕಬೇಕು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ? ಮೋಹಿನಿ ಒಳಗೆ ಹೋದಾಗ ರಾಜೇಂದ್ರ ದನಿ ಇಳಿಸಿದ.

"ಬೋರ್ಡಲ್ಲಿ ಏನ್ ಕೇಳಿದ್ರೂ ಚೆನ್ನಾಗಿವ್ನಿ ಅನ್ನು. ನೋವು ಗೀವು ಅಂದ್ಯೋ, ಸ್ಟಿಯರಿಂಗ್ ಓಯ್ತು. ಡಿಪೋದಾಗೆ ಟೇಬಲ್ ಕೊಟ್ಟು ಕೂರುಸ್ತಾರೆ."

"ನಂಗೆ ನೋವಿದ್ರೆ ತಾನೆ ಕಣ್ಲಾ" ಎಂದೆ. ನಿಜವಾಗಿಯೂ ಇಲ್ಲ.

ನವೆಂಬರ್ 7, ಗುರುವಾರ

ಇವತ್ತು ಒಣ ಪದರ ಕೆರೆಯಲು ಶುರು ಮಾಡಿದೆ. ಕುರ್ಚಿಗಿಂತ ಎಷ್ಟೋ ವಾಸಿ. ಕೆರೆದಷ್ಟೂ ಬರುತ್ತದೆ, ತೆಂಗಿನ ನಾರಿನಂಥ ಕಸ.

ಅರ್ಧ ಮುಗಿಯುವ ಹೊತ್ತಿಗೆ ಎದೆಯಲ್ಲಿ ಸ್ವಲ್ಪ ಹಿಡಿತ. ಮೆಟ್ಟಿಲ ಮೇಲೆ ಕೂತೆ, ಹೋಯಿತು. ಬೆಳಿಗ್ಗೆ ಅವರೆಕಾಳು ತಿಂದದ್ದು. ಗ್ಯಾಸು.

ನವೆಂಬರ್ 10, ಭಾನುವಾರ

ಅವ್ವ ಬಂದಳು. ತಮ್ಮ ಶಿವರಾಜು ಹೊಳಲಿನಿಂದ ಬೈಕಿನಲ್ಲಿ ತಂದು ಇಳಿಸಿದ. ಮಗ ಹುಷಾರಿಲ್ಲ, ಸೊಸೆ ಸ್ಕೂಲಿಗೆ ಹೋಗುತ್ತಾಳೆ, ಒಂದು ತಿಂಗಳು ನೋಡಿಕೊಳ್ಳುತ್ತೇನೆ ಎಂದು ಅವಳೇ ಹಟ ಹಿಡಿದಳಂತೆ. ಎಪ್ಪತ್ತು ದಾಟಿದ ಬೆಳ್ಳಮ್ಮ ಐವತ್ತಾರರ ನನ್ನನ್ನು ನೋಡಿಕೊಳ್ಳುವುದು! ಆದರೂ ಗೇಟಿನಲ್ಲಿ ಅವಳನ್ನು ಕಂಡಾಗ ಖುಷಿಯಾಯಿತು.

ಕಾಲು ತೊಳೆಯುವ ಮೊದಲೇ ಅಂಗಳ ನೋಡಿದಳು. ನಾನು ಕತ್ತರಿಸಿ, ಕೆರೆದು, ಒಂದು ರೂಪಕ್ಕೆ ತಂದಿದ್ದೆ.

"ಎಮ್ಮೆ ಇಲ್ಲ, ಕುರಿ ಇಲ್ಲ. ಯಾರಿಗ್ಲಾ ಈ ಉಲ್ಲು?"

"ಕಣ್ಣಿಗೆ ಕಣವ್ವ. ಚೆಂದಕ್ಕೆ."

"ಕಣ್ಣಲ್ಲಿ ಮೇಯ್ತೀರಾ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ತನ್ನ ಕೈ ಚಾಚಿ ತೋರಿಸಿದಳು. ಬೆರಳುಗಳು ಒಂದೊಂದೂ ಒಂದೊಂದು ಕಡೆಗೆ ಬಾಗಿವೆ. "ಅವ್ರಿವ್ರ ಗದ್ದೇಲಿ ಇದ್ನ ಕಿತ್ತೂ ಕಿತ್ತೂ ನನ್ ಬೆಳ್ಳು ಸೊಟ್ಟಾದೊ. ನನ್ ಮಗ ನೋಡುದ್ರೆ ನೀರಾಕಿ ಸಾಕ್ತಾವ್ನೆ."

ಮೋಹಿನಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ಕಷ್ಟಪಟ್ಟಿದ್ದೇನೆ, ಚೆನ್ನಾಗಿದೆ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

ನವೆಂಬರ್ 14, ಗುರುವಾರ

ಹುಲ್ಲಿನ ಬೇರಿಗೆ ಗಾಳಿ ಆಡಬೇಕಂತೆ. ಮಳೆಗೆ ಮಣ್ಣು ಗಟ್ಟಿಯಾಗಿದೆ, ಗೇಣಿಗೊಂದು ತೂತು ಮಾಡಬೇಕು. ಟೈರ್ ಬಿಚ್ಚುವ ಕಬ್ಬಿಣದ ರಾಡು ಮನೆಯಲ್ಲಿತ್ತು, ಅದನ್ನೇ ತೆಗೆದುಕೊಂಡೆ. ಚುಚ್ಚುವುದು, ಅಲ್ಲಾಡಿಸುವುದು, ಎಳೆಯುವುದು. ಡಾಕ್ಟರು ನನಗೆ ಮಾಡಿದ್ದನ್ನು ನಾನು ಹುಲ್ಲಿಗೆ ಮಾಡುತ್ತಿದ್ದೇನೆ ಎಂದುಕೊಂಡು ಒಬ್ಬನೇ ನಕ್ಕೆ.

ಎರಡನೇ ಸಾಲಿನಲ್ಲಿ ಎದೆ ಹಿಡಿಯಿತು. ಈ ಸಲ ಎಡಗೈಗೂ ಇಳಿಯಿತು. ರಾಡು ನೆಟ್ಟು ಅದನ್ನೇ ಹಿಡಿದು ನಿಂತೆ. ಬೆವರು. ತಲೆ ಎತ್ತಿದರೆ ಅವ್ವ ಜಗಲಿಯ ಮೇಲೆ ಸೊಪ್ಪು ಬಿಡಿಸುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಯಾಕ್ಲಾ ಎದೆ ಇಡ್ಕಂಡೆ?"

"ಗ್ಯಾಸು ಕಣವ್ವ."

"ಮೋಹಿನಿಗೆ ಏಳ್ತೀನಿ ತಡಿ."

ಗಾಬರಿಯಾಯಿತು. ಮೋಹಿನಿಗೆ ಗೊತ್ತಾದರೆ ಆಸ್ಪತ್ರೆ, ಆಸ್ಪತ್ರೆಗೆ ಗೊತ್ತಾದರೆ ಬೋರ್ಡು, ಬೋರ್ಡಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು. ಹತ್ತಿರ ಹೋಗಿ ಅವಳ ಕೈ ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. "ನನ್ನಾಣೆ. ಯಾರ್ಗೂ ಬಾಯಿ ಬುಡಲ್ಲ ಅನ್ನು."

ಆಮೇಲೆ "ಬುಡಲ್ಲ" ಎಂದಳು. ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಇನ್ನು ಅರ್ಧ ಅಂಗಳ ಚುಚ್ಚುವುದಿದೆ. ನಾಳೆ.

ನವೆಂಬರ್ 18, ಸೋಮವಾರ

ತೂತು ಪೂರ್ತಿ ಆಯಿತು. ದಿನಕ್ಕೊಂದಿಷ್ಟು ಮಾಡಿದೆ. ಹಿಡಿದಾಗ ನಿಂತೆ, ಬಿಟ್ಟಾಗ ಮಾಡಿದೆ. ಅವ್ವ ಜಗಲಿ ಬಿಟ್ಟು ಏಳುವುದೇ ಇಲ್ಲ, ನಾನು ಬಗ್ಗಿದಾಗೆಲ್ಲ ಕೆಮ್ಮುತ್ತಾಳೆ. ಇನ್ನು ಮರಳು, ಜರಡಿ ಹಿಡಿದ ಗೊಬ್ಬರ ಹರಡಿದರೆ ಮುಗಿಯಿತು. ಎರಡು ಮೂಟೆ ಮರಳು ಗೇಟಿನ ಹತ್ತಿರ ಬಂದು ಬಿದ್ದಿದೆ. ಗುರುವಾರ ಮಂಡ್ಯಕ್ಕೆ ಹೋಗಿ ಬೋರ್ಡಿಗೆ ಬೇಕಾದ ಇಸಿಜಿ ಮಾಡಿಸಿಕೊಂಡು ಬಂದ ಮೇಲೆ ಮೂಟೆ ಎಳೆಯಬೇಕು.

ಹೊಸ ಚಿಗುರು ಬಂದಿದೆ. ಬೆಳಿಗ್ಗೆ ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಮೋಹಿನಿಯನ್ನು ಕರೆದು ತೋರಿಸಿದೆ. ಅವ್ವನಿಗೂ ಹೇಳಿದೆ, ಅವಳು ಚಿಗುರು ನೋಡಲಿಲ್ಲ, ಮರಳು ಮೂಟೆ ನೋಡಿದಳು.

ನವೆಂಬರ್ 21, ಗುರುವಾರ

ಸಂಜೆ ಮಂಡ್ಯದಿಂದ ಬಂದು ಗೇಟು ತೆಗೆದರೆ ಅಂಗಳ ಕೆಂಪಗೆ. ಹುಲ್ಲಿಲ್ಲ! ಮೂಲೆಯಲ್ಲಿ ಎಲೆಗುಂಡಿಯ ಪಕ್ಕ ದೊಡ್ಡ ರಾಶಿ. ಅವ್ವ ಕೈಯಲ್ಲಿ ಕುಡುಗೋಲು ಹಿಡಿದು, ಕುಕ್ಕರುಗಾಲಲ್ಲಿ ಕೊನೆಯ ಮೂಲೆ ಕೀಳುತ್ತಿದ್ದಳು. ಹುಲ್ಲನ್ನೆಲ್ಲ ಕಿತ್ತು, ಹೊನಗೊನ್ನೆ ಸೊಪ್ಪಿನ ಗಿಡಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾಳೆ.

"ಏನವ್ವ ಮಾಡ್ದೆ? ಉಲ್ಲು ಯಾವ್ದು ಕಳೆ ಯಾವ್ದು ಗೊತ್ತಾಗಲ್ವಾ ನಿಂಗೆ?"

"ಕಳೆ ಕಿತ್ತೆ" ಎಂದಳು. ಅಷ್ಟೇ.

ಬೈದೆ. ತುಂಬ ಬೈದೆ. ಹಳ್ಳಿ ಗುಗ್ಗು ಎಂದೆ, ಬಂದಿದ್ದೇ ಹಾಳು ಮಾಡಕ್ಕೆ ಎಂದೆ. ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾನು ಅವಳಿಗೆ ಹಾಗೆಲ್ಲ ಅಂದೆ. ಪ್ರಸನ್ನ ಕಾಂಪೌಂಡಿನ ಹತ್ತಿರ ಬಂದು ನೋಡುತ್ತಿದ್ದ. ಅವ್ವ ಕುಡುಗೋಲು ತೊಳೆದಿಟ್ಟು, ಉಳಿಸಿದ್ದ ಹೊನಗೊನ್ನೆಯ ಸೊಪ್ಪು ಕೊಯ್ದು ಬಸ್ಸಾರು ಮಾಡಿದಳು. ನಾನು ಉಣ್ಣಲಿಲ್ಲ.

ಮೋಹಿನಿ ಕಿತ್ತ ಅಂಗಳ ನೋಡಿ, ಚಪ್ಪಲಿ ಬಿಚ್ಚದೆ ಒಳಗೆ ಬಂದಳು. ಅದಕ್ಕೇ ಇನ್ನಷ್ಟು ಉರಿ ಬಂತು.

ನವೆಂಬರ್ 22, ಶುಕ್ರವಾರ

ಅವ್ವ ಬೆಳಗಿನ ಬಸ್ಸಿಗೆ ಹೊಳಲಿಗೆ ಹೋದಳು. ಹೋಗುವಾಗ ನನ್ನನ್ನು ಎಬ್ಬಿಸಲಿಲ್ಲ. ನನಗೆ ಎಚ್ಚರವಿತ್ತು.

ನವೆಂಬರ್ 29, ಶುಕ್ರವಾರ

ಕುರ್ಚಿ. ಕಾಫಿ. ಕುರ್ಚಿ. ಗೇಟಿನ ತನಕ ಹೋಗುವುದು, ಬರುವುದು. ಟಿವಿ ಹಾಕಿದರೆ ಸಿಟ್ಟು, ಆರಿಸಿದರೆ ಸಿಟ್ಟು. ಬಾದಾಮಿ ಎಲೆ ಕೆಂಪು ನೆಲದ ಮೇಲೆ ಬೀಳುತ್ತದೆ, ಗುಡಿಸಿ ಯಾರಿಗೆ ಏನಾಗಬೇಕು?

ಒಂದು ವಿಷಯ ಮಾತ್ರ ಒಳ್ಳೆಯದು. ಗ್ಯಾಸು ಪೂರ್ತಿ ನಿಂತಿದೆ. ಒಂದು ವಾರದಿಂದ ಒಂದು ಸಲವೂ ಹಿಡಿದಿಲ್ಲ. ಬೋರ್ಡಿನಲ್ಲಿ ಎದೆ ತಟ್ಟಿ ಹೇಳಬಹುದು.

ಶಿವರಾಜುಗೆ ಫೋನ್ ಮಾಡಿದೆ. ಅವ್ವನಿಗೆ ಕೊಡು ಎಂದೆ. "ಗದ್ದೆ ತಾವು ಓಗವ್ಳೆ" ಎಂದ. ಹಿಂದಿನಿಂದ ಅವಳು ಕೆಮ್ಮಿದ್ದು ಕೇಳಿಸಿತು.

ಡಿಸೆಂಬರ್ 6, ಶುಕ್ರವಾರ

ಬಾಬಾಸಾಹೇಬರ ಪರಿನಿರ್ವಾಣ ದಿನ. ಪ್ರತಿ ವರ್ಷ ಈ ಸಂಜೆ ಹೊಳಲಿನ ನಮ್ಮ ಬೀದಿಯಲ್ಲಿ ಎಲ್ಲರೂ ಸೇರಿ ಮೇಣದಬತ್ತಿ ಹಚ್ಚುತ್ತೇವೆ. ಮೋಹಿನಿಗೆ ಸ್ಕೂಲಿನಲ್ಲೂ ಕಾರ್ಯಕ್ರಮ ಇತ್ತು, ನಾನೊಬ್ಬನೇ ಬಸ್ಸಿನಲ್ಲಿ ಹೋದೆ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಮದ್ದೂರಿನಿಂದ ಮಂಡ್ಯದ ತನಕ ಬ್ರೇಕ್ ತುಳಿದೆ.

ಬತ್ತಿ ಹಚ್ಚಿ, ವಂದನೆ ಮುಗಿಸಿ ಜನ ಚದುರಿದ ಮೇಲೆ ಅವ್ವನ ಪಕ್ಕ ಜಗಲಿಯಲ್ಲಿ ಕೂತೆ. ಅವಳು ಮುಖ ತಿರುಗಿಸಿದಳು. ಕ್ಷಮಿಸು ಎಂದು ಬಾಯಿಗೆ ಬರಲಿಲ್ಲ. "ಯಾಕವ್ವ ಕಿತ್ತೆ? ನಿಜ ಏಳು" ಎಂದೆ.

"ಅರುವತ್ತು ವರ್ಸ ಕಳೆ ಕಿತ್ತೋಳಿಗೆ ಉಲ್ಲು ಯಾವ್ದು ಕಳೆ ಯಾವ್ದು ಗೊತ್ತಿಲ್ಲ ಅನ್ಕಂಡೇನ್ಲಾ?" ನನ್ನ ಕಡೆ ತಿರುಗಿದಳು. "ನೀನು ಆಣೆ ಆಕುಸ್ಕಂಡು ನನ್ ಬಾಯಿ ಕಟ್ದೆ. ಕೈ ಕಟ್ಟಿರ್ಲಿಲ್ವಲ್ಲ. ಉಲ್ಲೇ ಇಲ್ದಿದ್ರೆ ಏನ್ನ ಚುಚ್ತೀಯ? ಆ ಮಳ್ಳು ಮೂಟೆ ಯಾರಿಗೆ ಎಳೀತೀಯ?"

ಆರುತ್ತಿದ್ದ ಮೇಣದಬತ್ತಿಗೆ ಅವ್ವ ಕೈ ಅಡ್ಡ ಹಿಡಿದಳು.

"ನಿಮ್ಮಪ್ಪನೂ ಇಂಗೇ. ಗುದ್ಲಿ ಊರ್ಕಂಡು ನಿಂತ್ಕಂಡ, ಎದೆ ಇಡ್ಕಂಡ. ಏನು ಅಂದೆ. ವಾಯು ಕಣೆ ಬುಡು ಅಂದ. ನಾನೂ ಬುಟ್ಟೆ. ಸಾಲು ಮುಗ್ಯೋದ್ರೊಳಗೆ ಗದ್ದೇಲೇ ಒರಗ್ದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದ್ಸಲ ನೋಡ್ಕಂಡು ಕೂರಕ್ಕೆ ನನ್ ಕೈಲಾಗ್ಲಿಲ್ಲ ಕಣ್ಲಾ."

ಅಪ್ಪ ಚಿಕ್ಕಬೋರಯ್ಯ ಸತ್ತಾಗ ನಾನು ಟ್ರೈನಿಂಗಿನಲ್ಲಿದ್ದೆ. ಬಿಸಿಲಿಗೆ ಹೋದ ಎಂದೇ ನನಗೆ ಹೇಳಿದ್ದರು.

ಅವ್ವನ ಕೈ ಹಿಡಿದುಕೊಂಡೆ. ಉಗುರಿನ ಸಂದಿನಲ್ಲಿ ಕೆಂಪು ಮಣ್ಣು. ಅಳು ಬಂತು, ಅತ್ತೆ. ಬೀದಿಯಲ್ಲಿ ಯಾರು ನೋಡಿದರೋ ಗೊತ್ತಿಲ್ಲ.

ಡಿಸೆಂಬರ್ 11, ಬುಧವಾರ

ಬೋರ್ಡು. ಹೊರಗೆ ಬೆಂಚಿನಲ್ಲಿ ಕೂತಾಗ ರಾಜೇಂದ್ರ ಫೋನ್ ಮಾಡಿದ. "ಅಣ್ಣ, ಜ್ಞಾಪಕ ಐತಾ? ಚೆನ್ನಾಗಿವ್ನಿ. ಇನ್ನೇನೂ ಬ್ಯಾಡ."

ಜ್ಞಾಪಕ ಇತ್ತು. ಒಳಗೆ ಮೂರು ಜನ ಡಾಕ್ಟರು. ಇಸಿಜಿ ನೋಡಿದರು, ಪರವಾಗಿಲ್ಲ ಎಂದು ತಮ್ಮಲ್ಲೇ ಮಾತಾಡಿಕೊಂಡರು. ನನ್ನ ಎದೆ ಹಿಗ್ಗಿತು. ಮಧ್ಯದಲ್ಲಿದ್ದ ಹೆಂಗಸು, "ಕೆಲಸ ಮಾಡುವಾಗ ಎದೆನೋವು ಬರುತ್ತಾ?" ಎಂದು ಕೇಳಿದರು. ಪೆನ್ನು ಆಗಲೇ ಕಾಗದದ ಮೇಲಿತ್ತು.

ಮಳವಳ್ಳಿ ರಸ್ತೆಯ ತಿರುವುಗಳು ಕಣ್ಣ ಮುಂದೆ ಬಂದವು. ಕಿಟಕಿಗೆ ಒರಗಿ ನಿದ್ದೆ ಮಾಡುವ ಜನ. ಆಮೇಲೆ ಆ ಕೆಂಪು ಅಂಗಳ, ಕುಕ್ಕರುಗಾಲಲ್ಲಿ ಕೂತ ಅವ್ವ.

"ಬರ್ತದೆ ಮೇಡಂ" ಎಂದೆ. "ಎಡಗೈಗೂ ಇಳೀತದೆ. ಗ್ಯಾಸು ಅಂತ ಮುಚ್ಚಿಟ್ಟಿದ್ದೆ."

ಮೂವರೂ ತಲೆ ಎತ್ತಿದರು. ಮುಂದಿನದು ಬೇಗ ಮುಗಿಯಿತು. ಸ್ಟಿಯರಿಂಗ್ ಇಲ್ಲ. ಹೃದಯದ ಇನ್ನೊಂದು ರಕ್ತನಾಳವನ್ನೂ ನೋಡಬೇಕು, ತಡ ಮಾಡಬೇಡಿ ಎಂದು ಇವತ್ತೇ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಇಷ್ಟು ವರ್ಷ ಹಿಡಿದದ್ದು ಹೋಯಿತು. ದುಃಖ ಆಯಿತು, ಇಲ್ಲ ಎಂದರೆ ಸುಳ್ಳು.

ಮೋಹಿನಿಗೆ ಎಲ್ಲ ಹೇಳಿದೆ. ಮೊದಲು ಬೈದಳು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು, ಆಮೇಲೆ ಬಂದು ಮತ್ತೆ ಬೈದಳು.

ಜನವರಿ 5, ಭಾನುವಾರ

ಎರಡನೇ ಸ್ಟೆಂಟ್ ಆಗಿ ಎರಡು ವಾರ ಕಳೆದಿದೆ. ಅವ್ವ ವಾಪಸ್ಸು ಬಂದಿದ್ದಾಳೆ, ನಾನೇ ಬಾ ಎಂದು ಕರೆದದ್ದು.

ಕಿತ್ತು ಹಾಕಿದ್ದ ರಾಶಿಯನ್ನು ಇವತ್ತು ಮೋಹಿನಿ ಕೆದಕಿ ನೋಡಿದಳು. ಮೇಲಿನದೆಲ್ಲ ಒಣಗಿ ತರಗಾಗಿದೆ. ಒಳಗಿನದು ಡಿಸೆಂಬರಿನ ಮಳೆಗೆ ಮಣ್ಣು ಹಿಡಿದು, ಗೆಣ್ಣುಗೆಣ್ಣಿಗೂ ಬೆಳ್ಳಗೆ ಬೇರು ಬಿಟ್ಟಿದೆ! ಅವ್ವ ಒಂದು ಎಳೆ ಎತ್ತಿ ಹಿಡಿದು, "ಥೂ ಇದ್ರ ಮನೆ ಕಾಯ. ಗದ್ದೇಲೂ ಇಂಗೇ ಕಾಡ್ತಿತ್ತು" ಎಂದಳು.

ಮತ್ತೆ ನೆಡುವುದೆಂದು ತೀರ್ಮಾನವಾಯಿತು. ನಾನು ಬಗ್ಗುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು ಎಳೆ ಬಿಡಿಸಿ, ಹಿಡಿ ಹಿಡಿ ಕಟ್ಟಿ ಕೊಡುವುದು ನನ್ನ ಕೆಲಸ. ಅವ್ವ, ಮೋಹಿನಿ ನೆಡುವುದು. ಅವ್ವನಿಗೆ ನೆಡುವುದೆಂದರೆ ನಾಟಿಯೇ. ಅಂಗಳಕ್ಕೆ ನೀರು ಬಿಡಿಸಿದಳು, ಕೆಸರು ಮಾಡಿಸಿದಳು, ಸೀರೆ ಎತ್ತಿ ಕಟ್ಟಿ, ಭತ್ತದ ಪೈರು ನೆಡುವ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬಂದಳು. ಪಕ್ಕದಲ್ಲಿ ಹೆಡ್‌ಮಿಸ್.

"ಸಾಲು ಸೊಟ್ಟ ಆಯ್ತಾ ಅದೆ ಕಣಮ್ಮ, ನೆಟ್ಟಗಾಕು."

"ಇದಕ್ಕೆ ಸಾಲು ಯಾಕೆ ಅತ್ತೆ? ಹರಡ್ಕೊಳ್ಳುತ್ತೆ."

"ಸಾಲಿಲ್ದೆ ನೆಟ್ರೆ ನೋಡ್ದೋರು ಉಗೀತಾರೆ."

ಮಕ್ಕಳಿಗೆ ಪಾಠ ಹೇಳುವವಳು ತೆಪ್ಪಗೆ ಕಿತ್ತು ಮತ್ತೆ ನೆಟ್ಟಳು. ಪ್ರಸನ್ನ ಕಾಂಪೌಂಡಿನ ಮೇಲೆ ಗಲ್ಲ ಊರಿ, "ಏನ್ ಸಾರ್, ಭತ್ತ ಹಾಕಿದ್ರಾ?" ಎಂದ. "ಎಲೆ ಬಿದ್ದರೆ ನೀವೇ ಬಂದು ಎತ್ಬೇಕು, ಪೈರಿದೆ" ಎಂದೆ. ಸಂಜೆ ಬಂದು ನಿಜವಾಗಿ ಎತ್ತಿದ. ಮನುಷ್ಯ ಅಂಥ ಕೆಟ್ಟವನೇನಲ್ಲ.

ಎರಡು ಹೊನಗೊನ್ನೆ ಗಿಡಗಳನ್ನು ಅವ್ವ ಕೀಳಲು ಬಿಡಲಿಲ್ಲ.

ಜನವರಿ 19, ಭಾನುವಾರ

ಬೆಳಿಗ್ಗೆ ರಾಜೇಂದ್ರ ಬಂದಿದ್ದ. ಡಿಪೋದಲ್ಲಿ ಯಾವತ್ತಿನಿಂದ ಡ್ಯೂಟಿ ಎಂದು ಕೇಳಿದ. ತಾರೀಕು ನೆನಪಾಗಲಿಲ್ಲ, ಮೋಹಿನಿಯನ್ನು ಕೇಳಿ ಹೇಳಿದೆ. ಹೊಸ ಡ್ರೈವರು ಈಗ ಪರವಾಗಿಲ್ಲ, ಗೇರು ಕಲಿತಿದ್ದಾನಂತೆ. ಇನ್ನೂ ಏನೇನೋ ಹೇಳುತ್ತಿದ್ದ, ನಾನು ಮಧ್ಯೆ ಅವನನ್ನು ಎಬ್ಬಿಸಿಕೊಂಡು ಹೋಗಿ ಸಾಲುಗಳ ನಡುವೆ ಹಬ್ಬುತ್ತಿರುವ ಕುಡಿ ತೋರಿಸಿದೆ. ಒಂದು ಸಾಲಿನ ಕುಡಿ ಇನ್ನೊಂದನ್ನು ಮುಟ್ಟಲು ಇನ್ನು ನಾಲ್ಕು ಬೆರಳು ಬಾಕಿ. "ಆಯ್ತು ಬುಡಣ್ಣ" ಎಂದು ಕಾಫಿ ಕುಡಿದು ಹೋದ.

ಸಂಜೆ ಪೈಪು ಹಿಡಿದು ನೀರು ಬಿಡುತ್ತಿದ್ದೆ. ಎದೆಯಲ್ಲಿ ಸ್ವಲ್ಪ ಹಿಡಿದ ಹಾಗಾಯಿತು. ಜಾಸ್ತಿ ಏನಲ್ಲ. ಮಧ್ಯಾಹ್ನ ಅವರೆಕಾಳು ಉಪ್ಸಾರು ಉಂಡಿದ್ದೆ, ಗ್ಯಾಸೇ ಇರಬೇಕು ಅಂದುಕೊಂಡೆ.

ಪೈಪು ಕೆಳಗೆ ಹಾಕಿ "ಅವ್ವಾ" ಎಂದು ಕೂಗಿದೆ.

ಅವಳು ಓಡಿಬಂದದ್ದು ನೋಡಿ ನನಗೇ ಪಾಪ ಅನ್ನಿಸಿತು. ಮೋಹಿನಿ ನಾಲಿಗೆ ಕೆಳಗೆ ಮಾತ್ರೆ ಇಟ್ಟಳು, ಡಾಕ್ಟರಿಗೆ ಫೋನ್ ಮಾಡಿದಳು. ಹಿಡಿತ ಹೋಯಿತು. ಪ್ರಸನ್ನ ಕಾರು ತೆಗೆದು ಗೇಟಿನ ಮುಂದೆ ನಿಲ್ಲಿಸಿಕೊಂಡು ಇನ್ನೂ ಕೂತಿದ್ದಾನೆ. ನಾಳೆ ಬೆಳಿಗ್ಗೆ ಬನ್ನಿ, ನೋಡೋಣ ಎಂದಿದ್ದಾರೆ ಡಾಕ್ಟರು. ಈ ಸಲ ನಿಜವಾಗಿ ಗ್ಯಾಸೇ ಇದ್ದರೆ ಎಲ್ಲರೂ ಸೇರಿ ನನ್ನ ಮಾನ ಕಳೆಯುತ್ತಾರೆ, ಕಳೆಯಲಿ.

ಗಡಿಬಿಡಿಯಲ್ಲಿ ನೀರು ನಿಲ್ಲಿಸುವುದು ಮರೆತು ಒಂದು ಮೂಲೆ ಕೆಸರಾಗಿದೆ. ಅವ್ವ ಈಗ ಅಲ್ಲಿ ಸೀರೆ ಎತ್ತಿ ನಿಂತು, ಕಾಲುವೆ ತೆಗೆದು ನೀರು ಬಸಿಯುತ್ತಿದ್ದಾಳೆ. ಬೇರು ಕೊಳೆಯದಿದ್ದರೆ ಸಾಕು.